ಬೇರಿಗೆ ಬಾಯಿ ಹಚ್ಚುವ ಗಿಡಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ಜೋಳದ ಬೇರಿಗೆ ಅಂಟಿ ಹೀರುವ ಸ್ಟ್ರೈಗಾ ಕಳೆಯ ಬಗ್ಗೆ ಅರ್ಧ ಪುಟದ ಟಿಪ್ಪಣಿ ಹಾಕಿದ್ದೆವು. ಅದಕ್ಕೆ ಬಂದ ಪತ್ರಗಳು ಅರ್ಧ ಪುಟದಲ್ಲಿ ಮುಗಿಯುವಂಥವಲ್ಲ. ಮುಂಬಯಿ, ಪುಣೆ, ಗೋವಾದಲ್ಲಿ ನೌಕರಿ ಮಾಡಿಕೊಂಡು ಊರಿನ ಹೊಲದ ಮೇಲೆ ಒಂದು ಕಣ್ಣಿಟ್ಟವರೇ ಹೆಚ್ಚು. ಒಂದೇ ತೆರನ ಪ್ರಶ್ನೆಗಳನ್ನು ಕೂಡಿಸಿ, ಉದ್ದದ ಪತ್ರಗಳನ್ನು ಮೊಟಕು ಮಾಡಿ ಉತ್ತರಿಸಿದ್ದೇವೆ.

ಇಂಡಿ ತಾಲೂಕಿನಾಗ ನಮ್ಮದು ನಾಕು ಎಕರೆ ಹೊಲ ಐತಿ. ತಮ್ಮ ನೋಡ್ಕೋತಾನ, ನಾ ಇಲ್ಲಿ ನೌಕರಿ ಮಾಡ್ತೀನಿ. ಮಳಿ ಚೊಲೊ ಆದ್ರೂ ಜೋಳ ಅಲ್ಲಲ್ಲಿ ಬಾಡಿ ನಿಂದರತಾವ. ಆಮ್ಯಾಲೆ ಬುಡದಾಗ ಗೇಣುದ್ದ ಕಸ ಎದ್ದು ಬಿಳಿ ಹೂ ಬಿಡತೈತಿ. ಇಲ್ಲಿ ಮರಾಠಿ ಮಂದಿ ಟಾರಫುಲಾ ಅಂತಾರ. ವರ್ಷಾ ಕೀಳಸ್ತೀವಿ, ವರ್ಷಾ ಬರತೈತಿ. ಕಿತ್ತಿದ್ದೆಲ್ಲಾ ಸುಳ್ಳೇನ್ರಿ? (ಚಿಂಚವಡ, ಪುಣೆ)

ಕಿತ್ತಿದ್ದು ಸುಳ್ಳಲ್ಲ, ಆದರೆ ಅದರ ಫಲ ಈ ವರ್ಷದ ಜೋಳಕ್ಕೆ ಸಿಗುವುದಿಲ್ಲ. ಸ್ಟ್ರೈಗಾ ನಿಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ನಾಲ್ಕರಿಂದ ಏಳು ವಾರ ನೆಲದೊಳಗೆ ಜೋಳದ ಬೇರು ಹೀರಿಯಾಗಿರುತ್ತದೆ. ಹಸಿ ಇದ್ದರೂ ಬಾಡುವುದು, ಬೆಳವಣಿಗೆ ಕುಂಠಿತವಾಗುವುದು, ಎಲೆ ಹಳದಿಗೆ ತಿರುಗುವುದು ಎಲ್ಲವೂ ಆ ಅವಧಿಯಲ್ಲೇ ಶುರುವಾಗುತ್ತದೆ. ಹಾಗಾಗಿ ‘ಬರ ಬಿತ್ತು, ಆಮೇಲೆ ಕಸ ಎದ್ದಿತು’ ಎಂದು ರೈತರು ಲೆಕ್ಕ ಹಾಕುತ್ತಾರೆ. ನಿಜಕ್ಕೆ ಕಸ ಮೊದಲು, ಬಾಡಿದ್ದು ಆಮೇಲೆ.

ಮೊದಲು ಅದು ಸ್ಟ್ರೈಗಾ ಹೌದೋ ಅಲ್ಲವೋ ಖಚಿತ ಮಾಡಿಕೊಳ್ಳಿ. ಬಾಡಿದ ಜೋಳದ ಗಿಡವನ್ನು ಎಳೆದು ಕೀಳಬೇಡಿ, ಎಳೆದರೆ ಕೊಂಡಿ ಹರಿದುಹೋಗುತ್ತದೆ. ಸುತ್ತ ಒಂದು ಗೇಣು ಬಿಟ್ಟು ಸಲಿಕೆಯಿಂದ ಹೆಂಟೆ ಸಮೇತ ಎತ್ತಿ, ಬಕೆಟ್ಟಿನ ನೀರಲ್ಲಿ ಅರ್ಧ ಗಂಟೆ ನೆನೆಯಲು ಬಿಡಿ. ಮಣ್ಣು ತಾನಾಗಿ ಕಳಚುತ್ತದೆ. ಜೋಳದ ಬೇರಿನ ಮೇಲೆ ಅಲ್ಲಲ್ಲಿ ಸಾಸಿವೆಗಿಂತ ಚಿಕ್ಕ ಬಿಳಿ ಗಂಟು, ಆ ಗಂಟಿನಿಂದ ಮೇಲಕ್ಕೆ ಹೊರಟ ಮಾಸಲು ಬಿಳಿಯ ಮೆತ್ತನೆ ಮೊಳಕೆ ಕಂಡರೆ ಅನುಮಾನವೇ ಬೇಡ. ಆ ಗಂಟೇ ಅದರ ಬಾಯಿ, ಶಾಸ್ತ್ರದಲ್ಲಿ ಹಾಸ್ಟೋರಿಯಂ. ಜೋಳದ ಬೇರಿನ ನೀರಿನ ನಾಳಕ್ಕೆ ಅದು ನೇರ ಕೂಡಿಕೊಳ್ಳುತ್ತದೆ.

ಮೇಲೆದ್ದ ಗಿಡದಲ್ಲಿ ಎಲೆ ಸಣ್ಣಗೆ, ಒರಟಾಗಿರುತ್ತವೆ. ಹೂವಿನ ಕೊಳವೆ ನಡುವೆಯೋ ಮೇಲ್ಭಾಗದಲ್ಲೋ ಮೊಣಕೈ ಮಡಚಿದಂತೆ ಬಾಗಿರುತ್ತದೆ. ಹತ್ತು ಪಟ್ಟಿನ ಲೆನ್ಸ್ ಇದ್ದರೆ ಹೂವಿನ ಹೊರಗವಚದ ಗೆರೆಗಳನ್ನು ಎಣಿಸಿ: ಐದು ಗೆರೆ ಇದ್ದರೆ ಸ್ಟ್ರೈಗಾ ಡೆನ್ಸಿಫ್ಲೋರಾ, ಹತ್ತು ಇದ್ದರೆ ಸ್ಟ್ರೈಗಾ ಏಷಿಯಾಟಿಕಾ, ಹದಿನೈದು ಇದ್ದರೆ ಅಂಗಸ್ಟಿಫೋಲಿಯಾ. ಕೊನೆಯದು ಹೆಚ್ಚಾಗಿ ಹುಲ್ಲಿನ ಬೇರಿಗೆ ಬೀಳುವಂಥದ್ದು. ಮೊದಲ ಎರಡು ನಿಮ್ಮ ಜೋಳದ ವೈರಿಗಳು. ಆಫ್ರಿಕಾದ ಪುಸ್ತಕಗಳಲ್ಲಿ ಏಷಿಯಾಟಿಕಾದ ಹೂ ಕಡುಗೆಂಪು ಎಂದಿರುತ್ತದೆ. ನಮ್ಮ ಕಡೆ ಬಿಳಿ ಅಥವಾ ತೆಳು ಹಳದಿಯೇ ಸಾಮಾನ್ಯ, ಚಿತ್ರ ನೋಡಿ ಮೋಸ ಹೋಗಬೇಡಿ.

ಈಗ ಬೀಜದ ಲೆಕ್ಕ. ಸ್ಟ್ರೈಗಾ ಬೀಜ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗವೂ ಇಲ್ಲ, ಕಂದು ಧೂಳಿನ ಹಾಗಿರುತ್ತದೆ. ಚೆನ್ನಾಗಿ ಬೆಳೆದ ಒಂದು ಗಿಡ ಐವತ್ತು ಸಾವಿರ ಬೀಜ ಉದುರಿಸಬಲ್ಲದು. ಅಷ್ಟೂ ಬೀಜ ಒಂದು ಗುಂಟೆಯಲ್ಲಿ ಸಮನಾಗಿ ಹರಡಿದರೆ ಒಂದು ಚದರ ಮೀಟರಿಗೆ ಸುಮಾರು ಐನೂರು ಬೀಜ ಬೀಳುತ್ತವೆ. ಅಂದರೆ ಎಕರೆಗೆ ನಲವತ್ತು ಗಿಡ ಹಣ್ಣಾಗಲು ಬಿಟ್ಟರೆ ಇಡೀ ಎಕರೆಗೆ ಬಿತ್ತಿದ ಹಾಗೆ. ಬಿದ್ದ ಬೀಜ ಹತ್ತು ವರ್ಷ ದಾಟಿಯೂ ಮಣ್ಣಲ್ಲಿ ಜೀವ ಹಿಡಿದಿರುತ್ತದೆ. ನೀವು ಕೀಳಿಸಿದ್ದು ಹೂ ಬಿಟ್ಟು ಕಾಯಿ ಕಟ್ಟಿದ ಮೇಲೆ ಎಂಬುದು ಪತ್ರದಿಂದ ಅಂದಾಜಾಗುತ್ತದೆ. ಅದು ಕಿತ್ತ ಹಾಗಲ್ಲ, ಬಿತ್ತಿದ ಹಾಗೆ.

ತಮ್ಮನಿಗೆ ಹೇಳಬೇಕಾದದ್ದು ಇಷ್ಟು. ಮೊದಲ ಹೂ ಕಂಡ ವಾರದಿಂದ ಜೋಳ ಕೊಯ್ಯುವವರೆಗೆ ವಾರಕ್ಕೊಮ್ಮೆ ಹೊಲ ಸುತ್ತಬೇಕು. ಹೂ ಇರುವ ಗಿಡ ಮಾತ್ರ ಕಿತ್ತರೆ ಸಾಕು. ಇನ್ನೂ ಎಳೆಯದನ್ನು ಕಿತ್ತರೆ ನೆಲಮಟ್ಟದಲ್ಲಿ ತುಂಡಾಗಿ ಪಕ್ಕದಿಂದ ಮತ್ತೆ ಚಿಗುರುತ್ತದೆ. ಕಿತ್ತದ್ದನ್ನು ಬದುವಿಗೆ ಎಸೆಯಬಾರದು, ಕಿತ್ತ ಗಿಡದ ಮೇಲೂ ಕಾಯಿ ಬಲಿಯುತ್ತದೆ. ಬಾಯಿ ಕಟ್ಟುವ ಚೀಲದಲ್ಲಿ ತುಂಬಿ, ಒಣಗಿಸಿ ಸುಡಬೇಕು. ತಿಪ್ಪೆಗೂ ಹಾಕಬಾರದು, ದನಕ್ಕೂ ಹಾಕಬಾರದು, ಬೀಜ ದನದ ಹೊಟ್ಟೆ ದಾಟಿ ಸಗಣಿಯಲ್ಲಿ ಹೊಲಕ್ಕೇ ಮರಳುತ್ತದೆ. ಜೋಳ ಕೊಯ್ದ ಮೇಲೆ ಹಲವರು ಕೈ ಬಿಡುತ್ತಾರೆ, ಅದೇ ದೊಡ್ಡ ತಪ್ಪು. ಕೂಳೆಯ ಬೇರು ಹಸಿರಾಗಿರುವವರೆಗೆ ಸ್ಟ್ರೈಗಾ ಆರಾಮಾಗಿ ಕಾಯಿ ಕಟ್ಟುತ್ತಿರುತ್ತದೆ. ಕಣಿಕೆ ಸಾಗಿಸಿದ ವಾರದೊಳಗೆ ನೇಗಿಲು ಹೊಡೆಯಿರಿ.

ಬೆಳೆ ಬದಲಿಸುವುದು ಇದಕ್ಕಿಂತ ಮುಖ್ಯ. ಹತ್ತಿ, ಸೂರ್ಯಕಾಂತಿ, ಶೇಂಗಾ, ತೊಗರಿ, ಅಲಸಂದಿ, ಎಳ್ಳು, ಸೋಯಾ ಇವುಗಳ ಬೇರು ಸ್ಟ್ರೈಗಾ ಬೀಜವನ್ನು ಮೊಳೆಸುತ್ತದೆ, ಆದರೆ ಅಂಟಿಕೊಳ್ಳಲು ಬಿಡುವುದಿಲ್ಲ. ಮೊಳೆತ ಬೀಜಕ್ಕೆ ಕೂಡಿಟ್ಟ ಬುತ್ತಿ ಮೂರ್ನಾಲ್ಕು ದಿನಕ್ಕಷ್ಟೇ ಸಾಕು, ಆಮೇಲೆ ಸಾಯುತ್ತದೆ. ಇವಕ್ಕೆ ಬಲೆ ಬೆಳೆ ಎನ್ನುತ್ತಾರೆ. ಒಂದು ವರ್ಷ ಹಾಕಿ ‘ಏನೂ ಆಗಲಿಲ್ಲ’ ಎನ್ನಬೇಡಿ. ಬೇರಿನ ಹತ್ತಿರದ ಬೀಜ ಮಾತ್ರ ಮೊಳೆಯುತ್ತದೆ, ಉಳಿದದ್ದು ಹಾಗೇ ಮಲಗಿರುತ್ತದೆ. ಕೆಟ್ಟ ತುಂಡುಗಳಲ್ಲಿ ಕನಿಷ್ಠ ಮೂರು ವರ್ಷ ಜೋಳ, ಸಜ್ಜೆ, ಗೋವಿನಜೋಳ ಯಾವುದೂ ಬೇಡ. ನಾಲ್ಕು ಎಕರೆಯಲ್ಲೂ ಜೋಳ ಬಿಡಿ ಎಂದು ನಾವು ಹೇಳುವುದಿಲ್ಲ. ರೊಟ್ಟಿಯೂ ಬೇಕು, ದನಕ್ಕೆ ಕಣಿಕೆಯೂ ಬೇಕು. ಯಾವ ತುಂಡಲ್ಲಿ ಹೆಚ್ಚು ಎಂದು ಈ ವರ್ಷ ಗೂಟ ಹೊಡೆದು ಗುರುತು ಮಾಡಿಸಿ, ಅಲ್ಲಿಂದ ಶುರು ಮಾಡಿ.

ಕಳೆದ ಸಂಚಿಕೆಯಲ್ಲಿ ‘ಜೋಳದ ಬದಲು ಸಜ್ಜೆ ಬಿತ್ತಿದರೆ ಸ್ಟ್ರೈಗಾ ತೊಲಗುತ್ತದೆ’ ಎಂದು ಬರೆದಿದ್ದೀರಿ. ನಮ್ಮ ಕಡೆ ಸಜ್ಜೆಗೂ ಬಿದ್ದಿದೆಯಲ್ಲ? (ನಿಗಡಿ, ಪುಣೆ)

ನೀವು ಹೇಳುವುದು ಸರಿ, ನಾವು ಬರೆದದ್ದು ತಪ್ಪು. ಒಂದು ಊರಿನ ಸ್ಟ್ರೈಗಾ ಜೋಳಕ್ಕೆ ಒಗ್ಗಿರುತ್ತದೆ, ಇನ್ನೊಂದು ಊರಿನದು ಸಜ್ಜೆಗೆ. ಜೋಳಕ್ಕೆ ಒಗ್ಗಿದ್ದು ಸಜ್ಜೆಯ ಮೇಲೆ ಕಡಿಮೆ ಬೀಳುವುದುಂಟು, ಆ ಮಾತನ್ನೇ ಮೊಟಕು ಮಾಡುವಾಗ ಎಡವಟ್ಟಾಗಿದೆ. ನಿಮ್ಮ ಹೊಲದ ಸ್ಟ್ರೈಗಾ ಯಾವ ಜಾತಿ, ಯಾವುದಕ್ಕೆ ಒಗ್ಗಿದೆ ಎಂದು ಗೊತ್ತಿಲ್ಲದೆ ಇದನ್ನು ನೆಚ್ಚಿಕೊಳ್ಳಬಾರದು. ಜೋಳ, ಸಜ್ಜೆ, ಗೋವಿನಜೋಳ, ರಾಗಿ, ಹಾರಕ, ಕಬ್ಬು, ಮಳೆಯಾಶ್ರಿತ ಭತ್ತ, ಎಲ್ಲ ಹುಲ್ಲಿನ ಮನೆತನವನ್ನೂ ಅಪಾಯದ ಪಟ್ಟಿಯಲ್ಲೇ ಇಡಿ.

ಊರ ಹತ್ತಿರ ಎರಡು ಎಕರೆ ಲಾವಣಿಗೆ ಹಿಡಿಯುವ ಯೋಚನೆ ಇದೆ. ಮಣ್ಣಿನಲ್ಲಿ ಸ್ಟ್ರೈಗಾ ಬೀಜ ಇದೆಯೇ ಎಂದು ಮೊದಲೇ ತಿಳಿಯಲು ಆಗುತ್ತದೆಯೇ? ಮಣ್ಣು ಪರೀಕ್ಷೆಯ ವರದಿಯಲ್ಲಿ ಬರುತ್ತದೆಯೇ? (ಹಡಪಸರ, ಪುಣೆ)

ಸಾಮಾನ್ಯ ಮಣ್ಣು ಪರೀಕ್ಷೆಯಲ್ಲಿ ಬರುವುದಿಲ್ಲ. ಅದರಲ್ಲಿ ಸಾರಜನಕ, ರಂಜಕ, ಪೊಟ್ಯಾಷ್, ಕ್ಷಾರದ ಅಂಕಿ ಇರುತ್ತವೆ, ಕಳೆ ಬೀಜದ ಲೆಕ್ಕ ಇರುವುದಿಲ್ಲ. ಮನೆಯ ಬಾಲ್ಕನಿಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಎರಡು ತಿಂಗಳು ಬೇಕು.

ಹೊಲದ ಹತ್ತು ಹನ್ನೆರಡು ಕಡೆಯಿಂದ ಗೇಣು ಆಳದವರೆಗಿನ ಮಣ್ಣನ್ನು ಒಂದೊಂದು ಬೊಗಸೆ ತೆಗೆಯಿರಿ. ಇಳಿಜಾರಿನ ತುದಿ, ನೀರು ನಿಲ್ಲುವ ಮೂಲೆ, ಗಾಡಿ ದಾರಿ, ಹಳೆಯ ಕಣ ಬಿಡಬೇಡಿ. ಹರಿಯುವ ನೀರಿನಲ್ಲಿ, ಗಾಲಿಗೆ ಮೆತ್ತಿದ ಮಣ್ಣಿನಲ್ಲಿ ಬೀಜ ಬಂದು ಕೂಡುವುದು ಇಲ್ಲೇ. ಎಲ್ಲ ಕಲಸಿ ಹತ್ತು ಇಂಚಿನ ಎರಡು ಕುಂಡಗಳಿಗೆ ತುಂಬಿ. ಮೂರನೆಯ ಕುಂಡದಲ್ಲಿ ಬೇರೆ ಕಡೆಯ, ಜೋಳ ಕಾಣದ ಮಣ್ಣು ಇರಲಿ, ಹೋಲಿಸಲು.

ತಕ್ಷಣ ಬಿತ್ತಬೇಡಿ. ಎಲ್ಲರೂ ಎಡವುವುದು ಇಲ್ಲೇ. ಒಣಗಿದ ಸ್ಟ್ರೈಗಾ ಬೀಜಕ್ಕೆ ಒಂದೆರಡು ವಾರ ಹಸಿ ಮತ್ತು ಬೆಚ್ಚಗಿನ ಹದ ಸಿಕ್ಕ ಮೇಲಷ್ಟೇ ಬೇರಿನ ಸೂಚನೆ ಕೇಳಿಸುತ್ತದೆ. 25 ರಿಂದ 35 ಡಿಗ್ರಿ ಶಾಖ ಅದಕ್ಕೆ ಒಪ್ಪುತ್ತದೆ. ಹಾಗಾಗಿ ಮೊದಲ ಹತ್ತು ದಿನ ಬರೀ ಮಣ್ಣಿಗೆ ನೀರು ಚಿಮುಕಿಸುತ್ತ ಹಸಿಯಾಗಿಡಿ. ಕೆಸರಾಗಬಾರದು. ಹನ್ನೊಂದನೆಯ ದಿನ ಕುಂಡಕ್ಕೆ ಐದು ಜೋಳದ ಕಾಳು ಹಾಕಿ, ಮೊಳೆತ ಮೇಲೆ ಮೂರು ಉಳಿಸಿ. ಯೂರಿಯಾ, ಗೊಬ್ಬರ ಏನನ್ನೂ ಕೊಡಬೇಡಿ, ಸಾರಜನಕ ಹೆಚ್ಚಾದರೆ ಸ್ಟ್ರೈಗಾ ಮೊಳೆಯುವುದು ಕಡಿಮೆಯಾಗಿ ‘ಇಲ್ಲ’ ಎಂಬ ಸುಳ್ಳು ಉತ್ತರ ಬರುತ್ತದೆ. ಪುಣೆಯ ಡಿಸೆಂಬರ್ ಜನವರಿ ಚಳಿಯಲ್ಲೂ ಇದನ್ನು ಮಾಡಬೇಡಿ, ಮಾರ್ಚ್‌ನಿಂದ ಸೆಪ್ಟೆಂಬರ್ ಒಳಗೆ ಮುಗಿಸಿ.

ಬಿತ್ತಿ 50 ದಿನಕ್ಕೆ ಕುಂಡವನ್ನು ನೀರಿನ ಟಬ್ಬಿನಲ್ಲಿ ಮುಳುಗಿಸಿ, ಮಣ್ಣು ಬಿಡಿಸಿ, ಬೇರನ್ನು ಬಿಳಿ ತಟ್ಟೆಯಲ್ಲಿ ತೇಲಿಬಿಟ್ಟು ನೋಡಿ. ಮೊದಲ ಉತ್ತರದಲ್ಲಿ ಹೇಳಿದ ಗಂಟುಗಳು ಕಂಡರೆ ಲಾವಣಿ ಹಣ ಇಳಿಸಿ ಮಾತಾಡಿ, ಇಲ್ಲವೇ ಅಲ್ಲಿ ಹತ್ತಿ, ತೊಗರಿ ಹಾಕುವ ಲೆಕ್ಕದಲ್ಲೇ ಹಿಡಿಯಿರಿ. ಕಾಣದಿದ್ದರೆ ಪೂರ್ತಿ ನಿಶ್ಚಿಂತೆ ಎಂದಲ್ಲ, ಬೀಜ ತೇಪೆ ತೇಪೆಯಾಗಿ ಇರುತ್ತದೆ. ಪಕ್ಕದ ಹೊಲದವರನ್ನು ಒಂದು ಮಾತು ಕೇಳುವುದು ಇದಕ್ಕಿಂತ ಅಗ್ಗ, ಹಲವು ಸಲ ಹೆಚ್ಚು ನಂಬಿಕೆಯದು. ಪರೀಕ್ಷೆ ಮುಗಿದ ಮಣ್ಣನ್ನು ಸೊಸಾಯಿಟಿಯ ತೋಟಕ್ಕೆ ಸುರಿಯಬೇಡಿ. ಮುಂದಿನ ಉತ್ತರದಲ್ಲಿ ಹೇಳುವ ಹಾಗೆ ಬಿಸಿಲಿಗಿಟ್ಟು ಕೊಲ್ಲಿ.

ಟೆರೇಸಿನ ಬದನೆ ಕುಂಡದಲ್ಲಿ ಅಣಬೆಯ ಹಾಗೆ ಏನೋ ಎದ್ದಿದೆ. ಎಲೆ ಇಲ್ಲ, ಹಸಿರಿಲ್ಲ, ಒಣಹುಲ್ಲಿನ ಬಣ್ಣದ ದಪ್ಪ ಕಾಂಡ, ತುದಿಯಲ್ಲಿ ನೀಲಿ ನೇರಳೆ ಹೂ. ಕಳೆದ ವರ್ಷ ನಿಪ್ಪಾಣಿಯಿಂದ ಮಾವನವರು ಎರಡು ಚೀಲ ತಿಪ್ಪೆ ಗೊಬ್ಬರ ಕಳಿಸಿದ್ದರು. ಬದನೆಕಾಯಿ ತಿನ್ನಬಹುದೇ? (ಡೊಂಬಿವಲಿ)

ಬದನೆಕಾಯಿ ತಿನ್ನಬಹುದು, ಏನೂ ತೊಂದರೆ ಇಲ್ಲ. ಎದ್ದದ್ದು ಅಣಬೆಯಲ್ಲ, ಹೂ ಬಿಡುವ ಗಿಡವೇ. ಓರೋಬಾಂಕಿ ಎಂಬ ಕುಲ, ಸ್ಟ್ರೈಗಾದ ದಾಯಾದಿ. ಸ್ಟ್ರೈಗಾಕ್ಕೆ ಹಸಿರೆಲೆಯಾದರೂ ಇದೆ, ಇದಕ್ಕೆ ಅದೂ ಇಲ್ಲ. ಅನ್ನ ನೀರು ಎರಡಕ್ಕೂ ಬದನೆಯನ್ನೇ ನೆಚ್ಚಿದೆ. ನಿಪ್ಪಾಣಿ ಎಂದದ್ದೇ ಉತ್ತರ ಹೇಳುತ್ತದೆ: ತಂಬಾಕು ಬೆಳೆಯುವ ಸೀಮೆಯಲ್ಲಿ ಓರೋಬಾಂಕಿ ಸೆರ್ನುವಾ ಹಳೆಯ ಪೀಡೆ, ತಂಬಾಕು, ಬದನೆ, ಟೊಮೆಟೊ ಒಂದೇ ಮನೆತನದವು. ಗೊಬ್ಬರದ ಜೊತೆ ಬೀಜ ಬಂದಿದೆ. ಮಾವನವರನ್ನು ದೂರಬೇಡಿ, ಬರಿಗಣ್ಣಿಗೆ ಅದು ಕಾಣುವಂಥದ್ದಲ್ಲ.

ಇವತ್ತೇ ಮಾಡಬೇಕಾದದ್ದು: ಹೂ ಇರುವ ಕಾಂಡಗಳನ್ನೆಲ್ಲ ನೆಲಮಟ್ಟದ ಕೆಳಗೆ ಬೆರಳಿಳಿಸಿ ಮುರಿದು, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಟೆರೇಸಿನಲ್ಲಿ ಗಾಳಿ ಜೋರು, ಒಂದು ಕಾಯಿ ಒಡೆದರೂ ಪಕ್ಕದ ಕುಂಡಗಳಿಗೆ ಧೂಳಾಗಿ ಹಾರುತ್ತದೆ. ಹೊಸದಾಗಿ ಮೂತಿ ತೋರುವ ಮೊಗ್ಗಿಗೆ ಎರಡು ತೊಟ್ಟು ಸೋಯಾ ಎಣ್ಣೆ ಬಿಡಿ, ಎರಡು ಮೂರು ದಿನದಲ್ಲಿ ಕಪ್ಪಾಗಿ ಸಾಯುತ್ತದೆ. ತಂಬಾಕು ರೈತರು ಬಳಸುವ ಉಪಾಯ ಇದು. ಮೊಗ್ಗು ಎಳೆಯದಿದ್ದರಷ್ಟೇ ಫಲ, ಹೂ ಬಂದ ಮೇಲೆ ಎಣ್ಣೆ ದಂಡ. ಎಣ್ಣೆ ಬದನೆಯ ಕಾಂಡಕ್ಕೆ ತಾಗದಿರಲಿ. ಕುಂಡದಲ್ಲಿ ನಾಲ್ಕೈದಕ್ಕಿಂತ ಹೆಚ್ಚು ಎದ್ದಿದ್ದರೆ ಬದನೆ ಗಿಡವನ್ನೇ ಬೇರು ಸಮೇತ ತೆಗೆದುಬಿಡಿ, ಅದು ಇನ್ನು ಕಾಯಿ ಕೊಡುವುದು ಅಷ್ಟಕ್ಕಷ್ಟೇ.

ಮಣ್ಣನ್ನು ಏಪ್ರಿಲ್ ಮೇ ಬಿಸಿಲಲ್ಲಿ ಶುದ್ಧ ಮಾಡಬೇಕು. ಮುಷ್ಟಿಯಲ್ಲಿ ಹಿಸುಕಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು, ಅಷ್ಟು ಹಸಿ ಮಾಡಿ. ಪಾರದರ್ಶಕ ಪಾಲಿಥೀನ್ ಚೀಲದಲ್ಲಿ ನಾಲ್ಕು ಇಂಚಿಗಿಂತ ದಪ್ಪವಾಗದಂತೆ ಹರಡಿ, ಬಾಯಿ ಬಿಗಿದು ಸಿಮೆಂಟಿನ ನೆಲದ ಮೇಲೆ ಮಲಗಿಸಿ. ವಾರಕ್ಕೊಮ್ಮೆ ಮಗುಚಿ. ಆರು ವಾರ. ಕಪ್ಪು ಚೀಲ ಬೇಡ, ಅದರಲ್ಲಿ ಚೀಲ ಕಾಯುತ್ತದೆಯೇ ಹೊರತು ಮಣ್ಣು ಅಷ್ಟು ಕಾಯುವುದಿಲ್ಲ. ಒಣ ಮಣ್ಣಿಟ್ಟರೂ ಕೆಲಸ ಕೆಟ್ಟಂತೆ: ಒಣ ಬೀಜ ಎಂಥ ಶಾಖವನ್ನೂ ತಡೆದುಕೊಳ್ಳುತ್ತದೆ, ನೀರು ಕುಡಿದು ಉಬ್ಬಿದ ಬೀಜ 50 ಡಿಗ್ರಿಯ ಆಸುಪಾಸಿನಲ್ಲಿ ದಿನಗಟ್ಟಲೆ ಇದ್ದರೆ ಸಾಯುತ್ತದೆ. ಮೋಡ ಮುಸುಕುವ ಜೂನ್ ಬಂದ ಮೇಲೆ ಇದು ಆಗದ ಮಾತು.

ಅಲ್ಲಿಯವರೆಗೆ ಆ ಕುಂಡಗಳಲ್ಲಿ ಬದನೆ, ಟೊಮೆಟೊ ಬೇಡ. ಹೆಸರು, ಉದ್ದು, ಎಳ್ಳು ಹಾಕಿ ನೋಡಿ, ತಂಬಾಕಿನ ಹೊಲದಲ್ಲಿ ಇವನ್ನೇ ಬಲೆ ಬೆಳೆಯಾಗಿ ಹಾಕುತ್ತಾರೆ. ಜೋಳವನ್ನೂ ಹಾಕುತ್ತಾರೆ. ಸ್ಟ್ರೈಗಾದ ಬಾಯಿಗೆ ಬೀಳುವ ಜೋಳ ಓರೋಬಾಂಕಿಗೆ ಬಲೆ! ಒಬ್ಬರ ಬೇಟೆ ಇನ್ನೊಬ್ಬರಿಗೆ ಬೋನು.

ಕಾಲೇಜಿನ ಪ್ರಾಜೆಕ್ಟಿಗಾಗಿ ಓದುತ್ತಿದ್ದೇನೆ. ತನ್ನನ್ನು ತಿನ್ನಲು ಬರುವ ಬೀಜಕ್ಕೆ ಜೋಳದ ಬೇರು ತಾನೇ ಯಾಕೆ ಸೂಚನೆ ಕೊಡುತ್ತದೆ? ಕೊಡದೆ ಸುಮ್ಮನಿದ್ದರೆ ಆಗದೇ? (ಶಿವಾಜಿನಗರ, ಪುಣೆ)

ಒಳ್ಳೆಯ ಪ್ರಶ್ನೆ, ವಿಜ್ಞಾನಿಗಳಿಗೂ ನಾಲ್ಕು ದಶಕ ಹಿಡಿದ ಪ್ರಶ್ನೆ. ಸ್ಟ್ರೈಗಾ ಬೀಜವನ್ನು ಎಬ್ಬಿಸುವ ವಸ್ತುವನ್ನು 1966 ರಲ್ಲಿ ಅಮೆರಿಕದಲ್ಲಿ ಬೇರ್ಪಡಿಸಿ ಸ್ಟ್ರೈಗೋಲ್ ಎಂದು ಹೆಸರಿಟ್ಟರು. ತಮಾಷೆಯೆಂದರೆ ಅದು ಸಿಕ್ಕಿದ್ದು ಹತ್ತಿಯ ಬೇರಿನಿಂದ. ಹತ್ತಿಗೆ ಸ್ಟ್ರೈಗಾ ಅಂಟುವುದೇ ಇಲ್ಲ. ಸ್ಟ್ರೈಗೋಲ್ ಮತ್ತು ಅದರ ಬಳಗಕ್ಕೆ ಒಟ್ಟಾಗಿ ಸ್ಟ್ರೈಗೋಲ್ಯಾಕ್ಟೋನ್ ಎನ್ನುತ್ತಾರೆ. ಗಿಡ ಇದನ್ನು ಯಾಕೆ ಸೂಸುತ್ತದೆ ಎಂಬುದು 2005 ರಲ್ಲಿ ಬಯಲಾಯಿತು: ಬೇರಿನಲ್ಲಿ ಮನೆ ಮಾಡಿ ರಂಜಕ ತಂದುಕೊಡುವ ಮೈಕೊರೈಜಾ ಶಿಲೀಂಧ್ರವನ್ನು ಕರೆಯಲು. ಮಣ್ಣಿನಲ್ಲಿ ರಂಜಕ, ಸಾರಜನಕ ಕಮ್ಮಿಯಾದಷ್ಟೂ ಬೇರು ಹೆಚ್ಚು ಸೂಸುತ್ತದೆ. 2008 ರಲ್ಲಿ ಇನ್ನೊಂದು ತಿಳಿಯಿತು: ಗಿಡ ಎಷ್ಟು ಕವಲೊಡೆಯಬೇಕು ಎಂದು ನಿರ್ಧರಿಸುವ ಹಾರ್ಮೋನ್ ಕೂಡ ಇದೇ ಬಳಗದ್ದು. ಹಾಗಾಗಿ ಬೇರು ಬಾಯಿ ಮುಚ್ಚಿಕೊಂಡಿರಲು ಬರುವುದಿಲ್ಲ. ನೆಂಟನನ್ನು ಕರೆದ ಕೂಗು ಕಳ್ಳನಿಗೂ ಕೇಳಿಸುತ್ತದೆ.

ಬಡ ಮಣ್ಣಲ್ಲೇ ಸ್ಟ್ರೈಗಾ ಯಾಕೆ ಜಾಸ್ತಿ ಎಂಬುದಕ್ಕೆ ಅರ್ಧ ವಿವರಣೆ ಇಲ್ಲಿದೆ. ಮೊದಲ ಪ್ರಶ್ನೆ ಕೇಳಿದವರೂ ಇದನ್ನು ಗಮನಿಸಲಿ: ಜೋಳಕ್ಕೆ ಶಿಫಾರಸಿನ ಗೊಬ್ಬರ ಪೂರ್ತಿ ಕೊಟ್ಟ ಹೊಲದಲ್ಲಿ ಕಾಟ ಇಳಿಯುತ್ತದೆ.

ಮೊಳೆತ ಮೇಲೆ ಬೀಜದ ಬೇರು ಕೆಲವೇ ಮಿಲಿಮೀಟರ್ ಬೆಳೆಯಬಲ್ಲದು, ಜೋಳದ ಬೇರು ಅಷ್ಟರೊಳಗೆ ಸಿಗಬೇಕು. ಸಿಕ್ಕಿದ ಮೇಲೆ ಬಾಯಿ ಮೂಡಲು ಎರಡನೆಯ ಸೂಚನೆ ಬೇಕು, ಅದು ಆಶ್ರಯ ಬೇರಿನ ಗೋಡೆಯಿಂದ ಹೊರಡುವ ಕ್ವಿನೋನ್ ಜಾತಿಯ ವಸ್ತು. ಎರಡು ಬೀಗ, ಎರಡು ಕೀಲಿ. ತಳಿ ಅಭಿವೃದ್ಧಿ ಮಾಡುವವರು ಈ ಬೀಗಗಳ ಮೇಲೇ ಕೆಲಸ ಮಾಡಿದ್ದಾರೆ. ಎಥಿಯೋಪಿಯಾ ಮೂಲದ ಗೆಬಿಸಾ ಎಜೆಟಾ ಅವರಿಗೆ 2009 ರ ವಿಶ್ವ ಆಹಾರ ಪ್ರಶಸ್ತಿ ಬಂದದ್ದು ಬರವನ್ನೂ ಸ್ಟ್ರೈಗಾವನ್ನೂ ತಡೆಯುವ ಜೋಳದ ತಳಿಗಳಿಗೆ. ಕೆಲವು ನಿರೋಧಕ ಜೋಳಗಳು ಸ್ಟ್ರೈಗೋಲ್ಯಾಕ್ಟೋನಿನ ಆಕಾರವನ್ನೇ ಬದಲಿಸಿ ಸೂಸುತ್ತವೆ. ಆ ಕೂಗು ಶಿಲೀಂಧ್ರಕ್ಕೆ ಕೇಳುತ್ತದೆ, ಸ್ಟ್ರೈಗಾಕ್ಕೆ ಅಷ್ಟಾಗಿ ಕೇಳುವುದಿಲ್ಲ. ನಮ್ಮ ದೇಶದ ಎನ್-13 ಎಂಬ ಜೋಳದ ಉಪಾಯ ಬೇರೆ: ಬೀಜ ಮೊಳೆಯಲು ಬಿಡುತ್ತದೆ, ಬೇರಿನೊಳಗಿನ ಗೋಡೆ ಗಟ್ಟಿ ಮಾಡಿ ನುಗ್ಗಲು ಬಿಡುವುದಿಲ್ಲ.

ಪ್ರಾಜೆಕ್ಟಿಗೆ ಇನ್ನೊಂದು ಎಳೆ. 1956 ರಲ್ಲಿ ಅಮೆರಿಕದ ಎರಡು ಕ್ಯಾರೊಲಿನಾ ರಾಜ್ಯಗಳ ಗೋವಿನಜೋಳದಲ್ಲಿ ಸ್ಟ್ರೈಗಾ ಕಂಡಿತು. ಅಲ್ಲಿ ಎಥಿಲೀನ್ ಅನಿಲವನ್ನು ಮಣ್ಣಿಗೆ ಚುಚ್ಚಿ, ಬೆಳೆ ಇಲ್ಲದಾಗಲೇ ಬೀಜ ಮೊಳೆಯುವಂತೆ ಮಾಡಿ ಸಾಯಿಸಿದರು. ಬಾಳೆಹಣ್ಣು ಮಾಗಿಸುವ ಅದೇ ಅನಿಲ. ಇದರ ಜೊತೆಗೆ ದಿಗ್ಬಂಧನ, ಕಳೆನಾಶಕ, ದಶಕಗಟ್ಟಲೆ ಕಾವಲು. ನಾಲ್ಕು ಲಕ್ಷಕ್ಕೂ ಮಿಕ್ಕಿದ ಎಕರೆಯಿಂದ ಕೆಲವೇ ಸಾವಿರ ಎಕರೆಗೆ ಇಳಿಸಿದರು. ನಮ್ಮ ಎರಡು ಮೂರು ಎಕರೆಯ ರೈತನಿಗೆ ಆ ಖರ್ಚು ದಕ್ಕುವುದಿಲ್ಲ, ಬಡವರ ಎಥಿಲೀನ್ ಎಂದರೆ ಬಲೆ ಬೆಳೆಯೇ.

ಅಂಧೇರಿಯ ಅಂಗಡಿಯೊಂದರಲ್ಲಿ ‘ಮರುಭೂಮಿಯ ಜಿನ್ಸೆಂಗ್’ ಎಂದು ಸಿಸ್ಟಾಂಕಿ ಪುಡಿ ಮಾರುತ್ತಾರೆ. ಇದೂ ಸ್ಟ್ರೈಗಾದ ಜಾತಿಯಂತೆ, ನಿಜವೇ? (ಅಂಧೇರಿ, ಮುಂಬಯಿ)

ಮನೆತನ ಒಂದೇ, ಕುಲ ಬೇರೆ. ಜಿನ್ಸೆಂಗಿಗೂ ಇದಕ್ಕೂ ಸಂಬಂಧ ಇಲ್ಲ. ಸಿಸ್ಟಾಂಕಿ ಮರಳುಗಾಡಿನ ಪೊದೆಗಳ ಬೇರಿಗೆ ಅಂಟಿ ಬೆಳೆಯುತ್ತದೆ, ಚೀನೀ ವೈದ್ಯದಲ್ಲಿ ಅದರ ದಪ್ಪ ಕಾಂಡ ಬಹಳ ಹಳೆಯ ಔಷಧಿ. ಅದರ ಡೆಸರ್ಟಿಕೋಲಾ ಎಂಬ ಜಾತಿಯ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ನಿರ್ಬಂಧವೂ ಇದೆ. ಪುಡಿಯಾದ ಮೇಲೆ ಯಾವುದು ಯಾವುದೆಂದು ನೋಡಿ ಹೇಳಲಾಗದು. ವೈದ್ಯರನ್ನು ಕೇಳದೆ ಕೊಳ್ಳಬೇಡಿ.

ಮಳೆಗಾಲದಲ್ಲಿ ನಮ್ಮ ಕುಳಾಗರದ (ಅಡಿಕೆ ತೆಂಗಿನ ತೋಟದ) ಬಿದಿರ ಬುಡದಲ್ಲಿ ಒಂದು ವಿಚಿತ್ರ ಹೂ ಕಂಡೆ. ಎಲೆಯೇ ಇಲ್ಲ. ಕೆಂಪು ಕಡ್ಡಿಯ ತುದಿಗೆ ತಲೆ ತಗ್ಗಿಸಿದ ಒಂದೇ ನೇರಳೆಗೆಂಪು ಹೂ. ಕುಂಡಕ್ಕೆ ಎತ್ತಿ ನೆಟ್ಟೆ, ಎರಡೇ ದಿನಕ್ಕೆ ಕಪ್ಪಾಯಿತು. ಎಲ್ಲಿ ತಪ್ಪಿದೆ? (ಫೋಂಡಾ, ಗೋವಾ)

ಎತ್ತಿದ್ದೇ ತಪ್ಪು. ಅದು ಈಜಿನೇಶಿಯಾ ಇಂಡಿಕಾ. ಓರೋಬಾಂಕಿಯ ಹಾಗೆ ಪೂರಾ ಪರಾವಲಂಬಿ, ಬಿದಿರು ಮತ್ತು ಹುಲ್ಲಿನ ಬೇರೇ ಅದರ ಅಡುಗೆಮನೆ. ಬಿದಿರಿನ ಬೇರಿಂದ ಬೇರ್ಪಟ್ಟ ಕ್ಷಣಕ್ಕೆ ಊಟ ನಿಂತಿತು. ಎಷ್ಟೇ ಮಣ್ಣು ಸಮೇತ ಎತ್ತಿದರೂ ಆ ಕೊಂಡಿ ಉಳಿಯುವುದಿಲ್ಲ. ಈ ಮನೆತನದ ಹಲವು ಗಿಡಗಳು ಒಣಗುವಾಗ ಹೀಗೇ ಕಪ್ಪಗಾಗುತ್ತವೆ.

ಹೂವಿನ ಹೊರಗವಚ ನೋಡಿದ್ದೀರಾ? ಒಂದು ಬದಿಗೆ ಸೀಳಿ ದೋಣಿಯ ಹಾಗೆ ಕಾಣುತ್ತದೆ, ಅದರೊಳಗಿಂದ ಬಾಗಿದ ಕೊಳವೆ ಹೊರಗೆ ಬರುತ್ತದೆ. ಹಳೇ ಕಾಲದ ಹೊಗೆ ಸೇದುವ ಪೈಪಿನ ಆಕಾರ. ಜಪಾನಿನಲ್ಲಿ ಅದರ ಹೆಸರಿನ ಅರ್ಥವೂ ಹೆಚ್ಚುಕಡಿಮೆ ‘ಪರದೇಶಿಯ ಹೊಗೆಬತ್ತಿ ಕೊಳವೆ’ ಎಂದೇ. ಬೆಳೆಸಲೇಬೇಕೆಂದರೆ ದಾರಿ ಇದೆ: ಕಾಯಿ ಒಣಗಿ ಒಡೆಯುವ ಹೊತ್ತಿಗೆ ಬೀಜದ ಧೂಳನ್ನು ಕಾಗದದ ಮೇಲೆ ಝಾಡಿಸಿ, ಒಂದು ಚಮಚ ಒಣ ಮರಳಿಗೆ ಬೆರೆಸಿ, ಬಿದಿರಿನ ಎಳೆ ಬೇರು ಹರಿದ ಕಡೆ ಎರಡು ಮೂರು ಇಂಚು ಮಣ್ಣು ಸರಿಸಿ ಹಾಕಿ ಮುಚ್ಚಿ. ಮೇಲೆ ಚೆಲ್ಲಿದರೆ ಮಳೆ ಕೊಚ್ಚಿಕೊಂಡು ಹೋಗುತ್ತದೆ. ಹೂ ಬಂದರೆ ಮುಂದಿನ ಮಳೆಗಾಲಕ್ಕೆ. ನಿಮ್ಮ ಕುಳಾಗರದಲ್ಲೇ ಮಾಡಿ, ಅಭಯಾರಣ್ಯದಿಂದ ಏನನ್ನೂ ತರಬೇಡಿ. ಅಕ್ಕಪಕ್ಕದಲ್ಲಿ ಕಬ್ಬು ಇದ್ದರೆ ಈ ಆಸೆಯನ್ನೇ ಬಿಡಿ, ಕಬ್ಬಿನ ಬೇರೂ ಅದಕ್ಕೆ ರುಚಿಯೇ.

ಸ್ಟ್ರೈಗಾವನ್ನು ಬಂದಳಿಕೆ ಎನ್ನಬಹುದೇ? ಶ್ರೀಗಂಧವೂ ಪರಾವಲಂಬಿ ಎಂದು ಕೇಳಿದ್ದೇವೆ. (ಮಾಟುಂಗಾ, ಮುಂಬಯಿ)

ಬಂದಳಿಕೆ ಮಾವು, ಹುಣಸೆಯ ಕೊಂಬೆಗೆ ಅಂಟುವಂಥದ್ದು, ಅದರ ಬೀಜ ಹಕ್ಕಿಯಿಂದ ಬರುತ್ತದೆ. ಸ್ಟ್ರೈಗಾ ಬಳಗ ಬೇರಿಗೆ ಅಂಟುತ್ತದೆ. ಶ್ರೀಗಂಧ ಕೂಡ ಬೇರಿಗೇ ಅಂಟುತ್ತದೆ, ಆದರೆ ಬೇರೆ ಮನೆತನದ್ದು. ಪಕ್ಕದ ತೊಗರಿಯನ್ನೋ ಹೊಂಗೆಯನ್ನೋ ಹೀರಿದರೂ ನಾವು ಅದಕ್ಕೆ ಕಳೆ ಎನ್ನುವುದಿಲ್ಲ. ಕಳೆ ಎಂಬುದು ನಮ್ಮ ಲಾಭನಷ್ಟದ ಮಾತು. ಸ್ಟ್ರೈಗಾ ಎಂಬ ಲ್ಯಾಟಿನ್ ಹೆಸರಿನ ಅರ್ಥ ಮಾಟಗಾತಿ, ಅದೂ ನಷ್ಟ ಕಂಡವರು ಇಟ್ಟಂತಿದೆ.

ಬೆಳಗಾವಿ ಜಿಲ್ಲೆಯ ನಮ್ಮ ಕಬ್ಬಿನಲ್ಲಿ ಸ್ಟ್ರೈಗಾ ಎದ್ದಿದೆ. ಯೂರಿಯಾ ಹೊಡೆದರೆ ಸಾಯುತ್ತದೆ ಎನ್ನುತ್ತಾರೆ. ಎಷ್ಟು, ಹೇಗೆ? (ವಾಸ್ಕೊ, ಗೋವಾ)

ಸಾಯುತ್ತದೆ. ಶೇ. 20 ರ ದ್ರಾವಣ ಬೇಕು, ಅಂದರೆ 15 ಲೀಟರಿನ ಪಂಪಿಗೆ 3 ಕಿಲೋ ಯೂರಿಯಾ. ನೇರ ಪಂಪಿಗೆ ಸುರಿಯಬೇಡಿ. ಬಕೆಟ್ಟಿನಲ್ಲಿ ಎಂಟು ಹತ್ತು ಲೀಟರ್ ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕುತ್ತ ಕಲಕಿ. ಯೂರಿಯಾ ಕರಗುವಾಗ ನೀರು ತಣ್ಣಗಾಗಿ ಬಕೆಟ್ಟಿನ ಹೊರಗೆ ಬೆವರುತ್ತದೆ, ತಣ್ಣೀರಿನಲ್ಲಿ ಉಳಿದದ್ದು ನಿಧಾನಕ್ಕೆ ಕರಗುತ್ತದೆ, ಅರ್ಧ ಗಂಟೆ ಬಿಡಿ. ಬಟ್ಟೆಯಲ್ಲಿ ಸೋಸಿ ಪಂಪಿಗೆ ಹಾಕಿ 15 ಲೀಟರಿಗೆ ತುಂಬಿಸಿ. ಸೋಸದಿದ್ದರೆ ನಾಜಲ್ ಕಟ್ಟುತ್ತದೆ.

ನಾಜಲ್ಲಿಗೆ ಹುಡ್ ಹಾಕಿ, ಮೊಣಕಾಲ ಕೆಳಗೆ ಹಿಡಿದು ಸ್ಟ್ರೈಗಾದ ಮೇಲಷ್ಟೇ ಬೀಳುವಂತೆ ಹೊಡೆಯಿರಿ, ಎಲೆ ಪೂರ್ತಿ ತೊಯ್ಯಬೇಕು. ಇಬ್ಬನಿ ಆರಿದ ಮೇಲೆ, ಬಿಸಿಲಿರುವ ದಿನ ಹೊಡೆದರೆ ಸುಟ್ಟ ಹಾಗೆ ಒಣಗುತ್ತದೆ. ಕಬ್ಬಿನ ಕೆಳಗಿನ ಎಲೆಗಳ ಅಂಚು ಕಂದಿದರೆ ಗಾಬರಿ ಬೇಡ. ಸುಳಿಗೆ ಮಾತ್ರ ಬೀಳಬಾರದು. ಹೂ ಬರುವ ಮೊದಲು ಒಮ್ಮೆ, ಹೊಸದಾಗಿ ಎದ್ದದ್ದಕ್ಕೆ ಮತ್ತೊಮ್ಮೆ. ಒಂದೇ ಸಲಕ್ಕೆ ಮುಗಿಯಿತು ಎಂದು ತಿಳಿಯಬೇಡಿ, ನೆಲದೊಳಗೆ ಸಾಲುಗಟ್ಟಿ ಕಾಯುತ್ತಿರುತ್ತವೆ.

ಕೆಲವರು 2,4-ಡಿ ಸೋಡಿಯಂ ಉಪ್ಪು ಎಂಬ ಕಳೆನಾಶಕ ಹೊಡೆಯುತ್ತಾರೆ, ಅದೂ ಕೆಲಸ ಮಾಡುತ್ತದೆ. ಪ್ರಮಾಣ ಲೇಬಲ್ಲಿನಲ್ಲಿ ಇರುವಷ್ಟೇ. ಆದರೆ ಸುತ್ತ ಹತ್ತಿ, ಬೆಂಡೆ, ಟೊಮೆಟೊ, ದ್ರಾಕ್ಷಿ ಇದ್ದರೆ ಕೈ ಹಾಕಬೇಡಿ. ಗಾಳಿಯಲ್ಲಿ ತೇಲಿಹೋದ ಹನಿಗೇ ಅವುಗಳ ಎಲೆ ಮುದುಡಿ, ಪಕ್ಕದವರ ಜೊತೆ ಜಗಳಕ್ಕೆ ದಾರಿಯಾಗುತ್ತದೆ. ಆ ಪಂಪನ್ನು ಬೇರೆ ಬೆಳೆಗೆ ಬಳಸಬೇಡಿ, ಎಷ್ಟು ತೊಳೆದರೂ ಅಂಶ ಉಳಿಯುತ್ತದೆ.

ಕೂಳೆ ಕಬ್ಬು ಇಡುವ ಯೋಚನೆ ಇದ್ದರೆ ಈ ಸಲ ಬಿಡಿ. ಕೂಳೆ ಎಂದರೆ ಸ್ಟ್ರೈಗಾಕ್ಕೆ ವರ್ಷವಿಡೀ ಜೀವಂತ ಬೇರು. ಕಟಾವು ಆದ ಮೇಲೆ ಅಗೆದು ತೆಗೆದು ಸೋಯಾ ಅಥವಾ ಶೇಂಗಾ ಹಾಕಿ. ಆ ಹೊಲದ ಕಬ್ಬನ್ನು ಬೀಜಕ್ಕೆಂದು ಯಾರಿಗೂ ಕೊಡಬೇಡಿ, ಬೇರಿಗೆ ಮೆತ್ತಿದ ಮಣ್ಣಿನಲ್ಲಿ ಬೀಜ ಹೋಗುತ್ತದೆ. ಟ್ರ್ಯಾಕ್ಟರ್ ಬಾಡಿಗೆಗೆ ತರಿಸಿದರೆ ನಿಮ್ಮ ಹೊಲದಿಂದ ಹೊರಡುವ ಮೊದಲು ಗಾಲಿ, ನೇಗಿಲು ತೊಳೆಸಿ, ತೊಳೆದ ನೀರು ನಿಮ್ಮ ಹೊಲದಲ್ಲೇ ಇಂಗಲಿ.